ಕೂಡಿ ಬಾಳುವ ಮನೆಗೆ ಒಡೆಯರು ಯಾರು?

ಮನುಷ್ಯನು ಒಂಟಿಯಾಗಿ ಬದುಕಲಾರನೆಂಬುದು ಹೊಸದಾಗಿ ಹೇಳಬೇಕಾದ ಮಾತಲ್ಲ. ಹೊಟ್ಟೆಗೆ ಹಿಟ್ಟು ಎಷ್ಟು ಅವಶ್ಯವೋ ಮನಸ್ಸಿಗೆ ಮಾತು ಅಷ್ಟೇ ಅವಶ್ಯ. ಆ ಮಾತಿಗಾಗಿಯೇ ನಮ್ಮ ಹಿರಿಯರು ಊರ ಮುಂದೆ ಅರಳಿಕಟ್ಟೆಯನ್ನು ಕಟ್ಟಿದರು, ಸಂತೆ ಜಾತ್ರೆಗಳನ್ನು ನೆರೆಸಿದರು, ಮಠದ ಅಂಗಳದಲ್ಲಿ ಶಿವಾನುಭವ ಗೋಷ್ಠಿಗಳನ್ನು ನಡೆಸಿದರು. ಅರಳಿಕಟ್ಟೆಯ ಮೇಲೆ ಕುಳಿತವನು ಆ ಕಟ್ಟೆಯ ಮಾಲೀಕನಾರೆಂದು ಕೇಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಅದು ಊರಿನದು. ಒಬ್ಬನು ಮುನಿಸಿಕೊಂಡು ಎದ್ದುಹೋದರೆ ಕಟ್ಟೆ ಹೋಗುತ್ತಿರಲಿಲ್ಲ. ಒಬ್ಬನು ದಿವಾಳಿಯಾದರೆ ಅರಳಿಮರ ಒಣಗುತ್ತಿರಲಿಲ್ಲ. ಆ ಕಟ್ಟೆಯ ಮೇಲೆ ಎಲ್ಲರಿಗೂ ಸಮಾನವಾದ ಸ್ಥಳವಿತ್ತೇ ಎಂಬ ಪ್ರಶ್ನೆಯೂ ಉಂಟು. ಅದಕ್ಕೆ ಮುಂದೆ ಬರುತ್ತೇನೆ.

ಇಂದು ನಮ್ಮ ಕಟ್ಟೆ ಅಂಗೈಯಲ್ಲಿದೆ. ಹಾಸನದ ಮಗಳು ಅಮೆರಿಕದಲ್ಲಿ, ಅರಕಲಗೂಡಿನ ಮಗ ಬೆಂಗಳೂರಿನಲ್ಲಿ, ಹೊಳೆನರಸೀಪುರದ ಅಣ್ಣತಮ್ಮಂದಿರು ಒಬ್ಬರು ದುಬೈಯಲ್ಲಿ ಇನ್ನೊಬ್ಬರು ಮುಂಬಯಿಯಲ್ಲಿ. ಮಠದ ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು ಈಗ ಮೊಬೈಲಿನ ಒಂದು ಗುಂಪಿನಲ್ಲಿ ಸೇರುತ್ತಾರೆ. ಶ್ರೀಗಳವರ ಪ್ರವಚನ, ಗುರುಗಳ ಅನಾರೋಗ್ಯದ ಸುದ್ದಿ, ಮದುವೆಯ ಕರೆಯೋಲೆ, ದಾಸೋಹಕ್ಕೆ ಅಕ್ಕಿ ಕಳುಹಿಸಿದವರ ಪಟ್ಟಿ ಎಲ್ಲವೂ ಅಲ್ಲಿಯೇ. ವಾಚಕರೇ, ಇದು ಒಳ್ಳೆಯದೇ. ಆದರೆ ತಾವು ಎಂದಾದರೂ ಒಂದು ಕ್ಷಣ ನಿಂತು, ನಾವು ಕೂಡಿರುವ ಈ ಮನೆಗೆ ಒಡೆಯರು ಯಾರೆಂದು ಕೇಳಿಕೊಂಡಿದ್ದೀರಾ? ಇದು ಯಂತ್ರಜ್ಞರಿಗೆ ಬಿಟ್ಟುಬಿಡತಕ್ಕ ಪ್ರಶ್ನೆಯೆಂದು ಮೇಲ್ನೋಟಕ್ಕೆ ತೋರಬಹುದು. ವಾಸ್ತವವಾಗಿ ಇದು ನೀತಿಯ ಪ್ರಶ್ನೆ. ಅದರಲ್ಲಿಯೂ ಶರಣಧರ್ಮವನ್ನು ನಂಬಿದ ನಮ್ಮಂಥವರು ಅಗತ್ಯವಾಗಿ ಆಲೋಚಿಸಬೇಕಾದ ಪ್ರಶ್ನೆ.

ಕೆಲವು ಸಂಗತಿಗಳನ್ನು ನೆನೆಯೋಣ. ನಮ್ಮ ತರುಣರು ಒಂದು ಕಾಲದಲ್ಲಿ ಆರ್ಕುಟ್ ಎಂಬ ಜಾಲತಾಣದಲ್ಲಿ ನೆರೆಯುತ್ತಿದ್ದರು. ಅದು 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅದೇ ಸಂಸ್ಥೆಯ ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಮುಚ್ಚಿತು. ಇವು ಹೊರದೇಶದವು ಎಂದು ಸಮಾಧಾನಪಟ್ಟುಕೊಳ್ಳುವ ಹಾಗೂ ಇಲ್ಲ. ಬೆಂಗಳೂರಿನಲ್ಲಿಯೇ 2020ರಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಎಂಬವರು 'ಕೂ' ಎಂಬ ತಾಣವನ್ನು ಆರಂಭಿಸಿದರು. ಅದು ಮೊದಲು ಮಾತನಾಡಿದ್ದೇ ಕನ್ನಡದಲ್ಲಿ. ಇಂಗ್ಲಿಷ್ ಬಾರದ ರೈತನೂ ಗೃಹಿಣಿಯೂ ಸಂಕೋಚವಿಲ್ಲದೆ ನಾಲ್ಕು ಮಾತು ಬರೆಯಬಹುದಾಗಿದ್ದ ಜಾಗ ಅದು. ಆರು ಕೋಟಿ ಬಾರಿ ಜನ ಅದನ್ನು ತಮ್ಮ ಮೊಬೈಲಿಗೆ ಇಳಿಸಿಕೊಂಡರೆಂದು ವರದಿಯಾಯಿತು. ಆದರೆ ಬಂಡವಾಳ ಸಾಲದಾಯಿತು, ದೊಡ್ಡ ಸಂಸ್ಥೆಗಳೊಡನೆ ನಡೆದ ಮಾತುಕತೆ ಫಲಿಸಲಿಲ್ಲ; 2024ರ ಜುಲೈಯಲ್ಲಿ ಅದೂ ಬಾಗಿಲು ಹಾಕಿತು. ಅದನ್ನು ಕಟ್ಟಿದವರಲ್ಲಿ ದುರುದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ಸದುದ್ದೇಶವಿದ್ದರೂ ಮನೆ ಉಳಿಯಲಿಲ್ಲ ಎಂಬುದೇ ಇಲ್ಲಿಯ ಪಾಠ. ಒಂದೇ ಕಂಬದ ಮೇಲೆ ನಿಂತ ಚಪ್ಪರ, ಕಂಬ ಎಷ್ಟೇ ನೇರವಾಗಿದ್ದರೂ, ಆ ಕಂಬದೊಡನೆಯೇ ಬೀಳುತ್ತದೆ.

ಬಾಗಿಲು ಮುಚ್ಚದಿದ್ದರೂ ಒಡೆಯನ ಇಚ್ಛೆ ಬದಲಾಗಬಹುದು. 2022ರ ಅಕ್ಟೋಬರಿನಲ್ಲಿ ಎಲಾನ್ ಮಸ್ಕ್ ಎಂಬ ಶ್ರೀಮಂತರು 4,400 ಕೋಟಿ ಡಾಲರು ತೆತ್ತು ಟ್ವಿಟರನ್ನು ಕೊಂಡರು. ಮರುವರ್ಷ ಅದರ ಹೆಸರನ್ನೇ ಅಳಿಸಿ 'ಎಕ್ಸ್' ಎಂದು ಇಟ್ಟರು. ಅಲ್ಲಿ ಮಾತನಾಡುತ್ತಿದ್ದ ಕೋಟ್ಯಂತರ ಜನರಲ್ಲಿ ಒಬ್ಬರನ್ನೂ ಕೇಳಬೇಕಾದ ಕಟ್ಟುಪಾಡು ಅವರಿಗಿರಲಿಲ್ಲ. ಅದಕ್ಕೂ ಮೊದಲು, 2019ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರ ಖಾತೆಯನ್ನು ಆ ಸಂಸ್ಥೆ ತಡೆಹಿಡಿಯಿತು. ನಾಜಿ ಸೆಲ್ಯೂಟು ಕೊಡಲು ಒಪ್ಪದೆ ಗುಂಪಿನ ನಡುವೆ ಕೈಕಟ್ಟಿ ನಿಂತ ಒಬ್ಬ ಜರ್ಮನ್ ಕಾರ್ಮಿಕನ ಚಿತ್ರವನ್ನು ಅವರು ಹಾಕಿಕೊಂಡಿದ್ದರು. ಅದೇ ತಪ್ಪೆಂದು ಎಣಿಸಲಾಯಿತು. ಆಗ ನಮ್ಮ ದೇಶದ ಅನೇಕರು ಮೊದಲ ಬಾರಿಗೆ 'ಮ್ಯಾಸ್ಟೊಡಾನ್' ಎಂಬ ಹೆಸರನ್ನು ಕೇಳಿದರು, ಕೆಲವರು ಅತ್ತ ಗುಳೆ ಹೊರಟರು. ಮಸ್ಕ್ ಅವರು ಟ್ವಿಟರನ್ನು ಕೊಂಡ ಮೇಲಂತೂ ಆ ಜಾಲವನ್ನು ತಿಂಗಳಿಗೊಮ್ಮೆಯಾದರೂ ಬಳಸುವವರ ಸಂಖ್ಯೆ ಸುಮಾರು ಮೂರು ಲಕ್ಷದಿಂದ ಇಪ್ಪತ್ತೈದು ಲಕ್ಷಕ್ಕೆ ಏರಿತು. ಮುಂದೆ ಆ ಉಬ್ಬರ ಇಳಿಯಿತು, ಬಂದವರಲ್ಲಿ ಅನೇಕರು ಮರಳಿಹೋದರು. ಆದರೂ ಬಂದ ದಾರಿ ಮುಚ್ಚಲಿಲ್ಲ.

ಏನಿದು ಹೊಸ ದಾರಿ? ಹಾಸನ ಜಿಲ್ಲೆಯ ವಾಚಕರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ತಮ್ಮ ಊರಿನ ಹಾಲಿನ ಡೇರಿಯನ್ನು ಮನಸ್ಸಿಗೆ ತಂದುಕೊಳ್ಳಿ. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಡೇರಿಗೆ ಅದರದೇ ಕಟ್ಟಡ, ಅದರದೇ ಕಾರ್ಯದರ್ಶಿ, ಅದರದೇ ಲೆಕ್ಕದ ಪುಸ್ತಕ. ಪಕ್ಕದ ಹಳ್ಳಿಯದು ಬೇರೆ. ಒಂದು ಹಳ್ಳಿಯ ಡೇರಿಯಲ್ಲಿ ಜಗಳವಾಗಿ ಬೀಗ ಬಿದ್ದರೆ ಜಿಲ್ಲೆಯ ಹಾಲು ನಿಲ್ಲುವುದಿಲ್ಲ. ಆದರೆ ಹಾಲನ್ನು ಅಳೆಯುವ ಕ್ರಮ, ಜಿಡ್ಡಿನ ಅಂಶವನ್ನು ಪರೀಕ್ಷಿಸುವ ಕ್ರಮ ಎಲ್ಲರಿಗೂ ಒಂದೇ. ಆ ಒಪ್ಪಿದ ಕ್ರಮದಿಂದಲೇ ಹಳ್ಳಿಯ ಸಂಘವು ಹಾಸನದ ಹಾಲು ಒಕ್ಕೂಟವನ್ನೂ, ಒಕ್ಕೂಟವು ಕರ್ನಾಟಕ ಹಾಲು ಮಹಾಮಂಡಳವನ್ನೂ ಕೂಡುತ್ತದೆ. ಒಕ್ಕೂಟ ಎಂದರೆ ಇದೇ. ಕೂಡಿದ್ದೂ ಬೇರೆ, ಬೇರೆಯಾಗಿದ್ದೂ ಕೂಡಿದ್ದು.

ಮ್ಯಾಸ್ಟೊಡಾನ್ ಮುಂತಾದವು ಇಂಥ ಒಕ್ಕೂಟಗಳು. ಅದನ್ನು ಜರ್ಮನಿಯ ಯೂಜನ್ ರೋಚ್ಕೊ ಎಂಬ ತರುಣರು 2016ರಲ್ಲಿ ರೂಪಿಸಿ, ಯಾರು ಬೇಕಾದರೂ ಉಪಯೋಗಿಸಲೆಂದು ಬಿಟ್ಟುಕೊಟ್ಟರು. ಒಂದು ಕಾಲೇಜು, ಒಂದು ಊರು, ಒಂದು ಗೆಳೆಯರ ಬಳಗ, ಬೇಕಾದರೆ ಒಂದು ಮಠವೂ, ತನ್ನದೇ ಸರ್ವರ್ ಇಟ್ಟುಕೊಂಡು ತನ್ನ ಜನರಿಗೆ ಅಲ್ಲಿ ಖಾತೆ ಕೊಡಬಹುದು. ನಿಯಮಗಳನ್ನು ತಾನೇ ಮಾಡಬಹುದು. ಹಾಗಿದ್ದೂ ಒಂದು ಮನೆಯವನು ಇನ್ನೊಂದು ಮನೆಯವನ ಮಾತನ್ನು ಓದಬಹುದು, ಉತ್ತರ ಕೊಡಬಹುದು. ಇದಕ್ಕೆ ಬೇಕಾದ ಸಮಾನ ಕ್ರಮಕ್ಕೆ 'ಆಕ್ಟಿವಿಟಿಪಬ್' ಎಂದು ಹೆಸರು. ಜಾಲದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಲಿ ಅದನ್ನು 2018ರ ಜನವರಿಯಲ್ಲಿ ಅಂಗೀಕರಿಸಿತು. ಇದೇನೂ ಪೂರ್ತಿ ಹೊಸ ತತ್ತ್ವವಲ್ಲ. ಈಮೇಲು ಇರುವುದು ಹೀಗೆಯೇ. ಒಂದು ಕಂಪನಿಯ ಈಮೇಲಿನಿಂದ ಬೇರೊಂದು ಕಂಪನಿಯ ಈಮೇಲಿಗೆ ಪತ್ರ ಹೋಗುವುದನ್ನು ಯಾರೂ ವಿಚಿತ್ರವೆಂದು ಎಣಿಸುವುದಿಲ್ಲ. ಸಾಮಾಜಿಕ ಜಾಲತಾಣಗಳೇ ಒಂದೊಂದು ಕೋಟೆಯಾಗಿ ನಿಂತದ್ದು ವಿಚಿತ್ರ. ದೊಡ್ಡ ಕಂಪನಿಗಳೂ ಇದನ್ನು ಗಮನಿಸಿವೆ. ಫೇಸ್‌ಬುಕ್ಕಿನ ಒಡೆತನದ ಸಂಸ್ಥೆ 2023ರಲ್ಲಿ ತೆರೆದ 'ಥ್ರೆಡ್ಸ್' ತಾಣವು ಮರುವರ್ಷ ಈ ಒಕ್ಕೂಟದತ್ತ ಒಂದು ಕಿಟಕಿಯನ್ನು ತೆರೆಯಿತು. ಬೇರೊಂದು ಕ್ರಮವನ್ನು ಅನುಸರಿಸುವ 'ಬ್ಲೂಸ್ಕೈ' 2024ರ ನವೆಂಬರಿನಲ್ಲಿ ಎರಡು ಕೋಟಿ ಜನರನ್ನು ದಾಟಿತು.

ಈ ವಿಚಾರವನ್ನು ಓದಿದಾಗ ನನ್ನ ಮನಸ್ಸು ಜರ್ಮನಿಗೆ ಹೋಗಲಿಲ್ಲ, ಕಲ್ಯಾಣಕ್ಕೆ ಹೋಯಿತು. ಹನ್ನೆರಡನೆಯ ಶತಮಾನದ ಶರಣರು ಮಾಡಿದ್ದೇನು? ದೇವರನ್ನು ಒಂದು ಗುಡಿಯಲ್ಲಿ ನಿಲ್ಲಿಸಿ, ಆ ಗುಡಿಯ ಬೀಗದ ಕೈಯನ್ನು ಒಬ್ಬನ ಸೊಂಟಕ್ಕೆ ಸಿಕ್ಕಿಸಿದರೆ ದೇವರು ಆ ಒಬ್ಬನ ಸ್ವತ್ತಾಗುತ್ತಾನೆಂಬುದನ್ನು ಅವರು ಕಂಡರು. ಆದ್ದರಿಂದ ಇಷ್ಟಲಿಂಗವನ್ನು ಪ್ರತಿಯೊಬ್ಬನ, ಪ್ರತಿಯೊಬ್ಬಳ ಅಂಗೈಗೆ ತಂದರು. ಭಕ್ತನು ಎಲ್ಲಿಗೆ ಹೋದರೆ ಅಲ್ಲಿಗೆ ಅವನ ಪೂಜೆ ಹೋಯಿತು. ಹಾಗೆಂದು ಅವರು ಒಂಟಿಯಾಗಿ ಉಳಿಯಲಿಲ್ಲ. ಅನುಭವ ಮಂಟಪದಲ್ಲಿ ಕೂಡಿದರು. ಲಿಂಗ ತನ್ನದು, ಅನುಭವ ಎಲ್ಲರದು. ವಚನದ ಅಂಕಿತವನ್ನೇ ನೋಡಿ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಒಂದೇ ಮಂಟಪದಲ್ಲಿ ಕುಳಿತರೂ ಯಾರೂ ತಮ್ಮ ಅಂಕಿತವನ್ನು ಬಿಟ್ಟು ಇನ್ನೊಬ್ಬರ ಅಂಕಿತವನ್ನು ಹೊರಬೇಕಾಗಿರಲಿಲ್ಲ.

ಕಲ್ಯಾಣ ಒಡೆದಾಗ ಆ ಮಂಟಪ ಚದುರಿತು. ವಚನಗಳೆಲ್ಲ ಒಂದೇ ಭಂಡಾರದಲ್ಲಿದ್ದಿದ್ದರೆ ಅಂದಿಗೇ ಎಲ್ಲವೂ ಮುಗಿಯುತ್ತಿತ್ತು. ಶರಣರು ದಿಕ್ಕುದಿಕ್ಕಿಗೆ ಹೋದರು. ವಚನಗಳು ಕಂಠದಲ್ಲಿ, ಓಲೆಗರಿಯಲ್ಲಿ, ಮನೆಯ ಜಗುಲಿಯಲ್ಲಿ, ಮಠದ ಪೆಟ್ಟಿಗೆಯಲ್ಲಿ ಉಳಿದವು. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ನೂರೊಂದು ವಿರಕ್ತರು ಅವನ್ನು ಮತ್ತೆ ಹುಡುಕಿ ಜೋಡಿಸುವ ಕಾರ್ಯಕ್ಕೆ ಹೆಸರಾದರು. ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಹೋಗುವ ಹಾದಿಯಲ್ಲಿ ನಾವು ತಲೆಬಾಗಿ ಮುಂದುವರಿಯುವ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳು ತಮ್ಮ ವಿರಕ್ತ ಶಿಷ್ಯರೊಡನೆ ನಾಡನ್ನು ಸಂಚರಿಸಿ ಆ ಅರಿವನ್ನು ಊರೂರಿಗೆ ಹಂಚಿದರು. ಕಳೆದ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆಗಳ ಓಲೆಯ ಕಟ್ಟುಗಳನ್ನು ಕಲೆಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಮುದ್ರಿಸಿದಾಗ ನಾಡು ತನ್ನ ನಿಧಿಯನ್ನು ಮರಳಿ ಪಡೆಯಿತು. ಒಂದು ಕಡೆ ಕೂಡಿಟ್ಟದ್ದರಿಂದ ಅದು ಉಳಿಯಲಿಲ್ಲ. ಹಲವು ಕೈಗಳು ಕಾಪಾಡಿದ್ದರಿಂದ ಉಳಿಯಿತು.

ಇಷ್ಟು ಹೇಳಿದ ಮಾತ್ರಕ್ಕೆ ಹೊಸ ಒಕ್ಕೂಟಗಳೇ ಕಲ್ಯಾಣವೆಂದು ನಾನು ಸಾರಿದರೆ ಅದು ಅವಿವೇಕವಾಗುತ್ತದೆ. ಅವುಗಳಲ್ಲಿ ಇರುವ ತೊಡಕುಗಳನ್ನೂ ಪ್ರಾಮಾಣಿಕವಾಗಿ ನೋಡಬೇಕು.

ಮೊದಲನೆಯದಾಗಿ, ಮನೆಗಳು ಹಲವಾದರೆ ಒಡೆಯರಿಲ್ಲದಂತಾಗುವುದಿಲ್ಲ. ಒಡೆಯರು ಹಲವರಾಗುತ್ತಾರೆ, ಅಷ್ಟೆ. ಹಾಲಿನ ಸಂಘದಲ್ಲಿ ಹಾಲು ಹಾಕುವ ಸದಸ್ಯರಿಗೆ ಮತವುಂಟು, ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಹಕ್ಕುಂಟು. ಗದಗದ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘವನ್ನು ಕಟ್ಟಿದ ನಾಡು ನಮ್ಮದು. ಆ ಹಕ್ಕಿನ ಬೆಲೆ ನಮಗೆ ಗೊತ್ತು. ಆದರೆ ಜಾಲದ ಸಣ್ಣ ಸರ್ವರುಗಳಲ್ಲಿ ಬಹಳಷ್ಟನ್ನು ಒಬ್ಬ ಉತ್ಸಾಹಿ ತನ್ನ ಬಿಡುವಿನ ವೇಳೆಯಲ್ಲಿ, ತನ್ನ ಕೈಯ ಹಣದಿಂದಲೋ ಅವರಿವರ ಕಾಣಿಕೆಯಿಂದಲೋ ನಡೆಸುತ್ತಾನೆ. ಅವನು ದಣಿದರೆ ಮನೆ ಮುಚ್ಚುತ್ತದೆ. 'ಮ್ಯಾಸ್ಟೊಡಾನ್ ಡಾಟ್ ಲೋಲ್' ಎಂಬ ಸಾವಿರಾರು ಜನರ ಸರ್ವರನ್ನು ನಡೆಸುತ್ತಿದ್ದವರು ಜನರ ಜಗಳ ಮತ್ತು ಬೈಗುಳಗಳಿಂದ ಬೇಸತ್ತು 2023ರಲ್ಲಿ ಅದನ್ನು ನಿಲ್ಲಿಸಿದರು. ಮೊದಲೇ ತಿಳಿಸಿ ಅವಧಿ ಕೊಟ್ಟದ್ದರಿಂದ, ಜನ ತಮ್ಮ ಹಿಂಬಾಲಕರ ಬಳಗವನ್ನು ಉಳಿಸಿಕೊಂಡು ಬೇರೆ ಮನೆಗೆ ಹೋಗಬಹುದಾಗಿತ್ತು. ಕೋಟೆಯೊಳಗಿನ ತಾಣ ಮುಚ್ಚಿದಾಗ ಈ ಸೌಕರ್ಯವಿಲ್ಲ. ಆದರೂ ಹಳೆಯ ಬರಹಗಳನ್ನು ಹೊಸ ಮನೆಗೆ ಹೊತ್ತೊಯ್ಯಲು ಅಲ್ಲಿ ಸಾಧ್ಯವಿಲ್ಲವೆಂಬುದನ್ನೂ ಹೇಳಬೇಕು.

ಎರಡನೆಯ ತೊಡಕು ಇದಕ್ಕಿಂತ ಆಳವಾದದ್ದು. ಒಕ್ಕೂಟದಲ್ಲಿ ಒಂದು ಮನೆ ಇನ್ನೊಂದು ಮನೆಯೊಡನೆ ಮಾತು ಬಿಡಬಹುದು. 2019ರಲ್ಲಿ ದ್ವೇಷದ ಬರಹಗಳಿಗೆ ಹೆಸರಾದ ಅಮೆರಿಕದ 'ಗ್ಯಾಬ್' ಎಂಬ ತಾಣವು ಮ್ಯಾಸ್ಟೊಡಾನಿನ ತಂತ್ರಾಂಶವನ್ನು ಬಳಸತೊಡಗಿದಾಗ ಅದನ್ನು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಆದರೆ ಒಂದೊಂದಾಗಿ ಅನೇಕ ಸರ್ವರುಗಳು ಅದಕ್ಕೆ ಬಾಗಿಲು ಮುಚ್ಚಿದವು. ಇದು ಸರಿಯೇ? ವಿಷವನ್ನು ಮನೆಯೊಳಗೆ ಬಿಟ್ಟುಕೊಳ್ಳದಿರುವುದು ಗೃಹಸ್ಥನ ಹಕ್ಕೂ ಹೌದು, ಧರ್ಮವೂ ಹೌದು. ಆದರೆ ಅದೇ ಬಾಗಿಲನ್ನು ನಾಳೆ ನಮಗೆ ಹಿಡಿಸದ ಬಡವನ ಮುಖಕ್ಕೂ ಮುಚ್ಚಬಹುದು. ಊರಿನ ಬಹಿಷ್ಕಾರ ಎಂಬುದು ಹೇಗಿತ್ತೆಂದು ನಮ್ಮ ನೆಲಕ್ಕೆ ಗೊತ್ತು. ಮೊದಲು ಹೇಳಿದ ಅರಳಿಕಟ್ಟೆ ಊರಿನದೇ ಆಗಿತ್ತು, ನಿಜ. ಆದರೆ ಕೇರಿಯವನು ಅದರ ಮೇಲೆ ಕುಳಿತುಕೊಳ್ಳುವಂತಿರಲಿಲ್ಲ. ಊರಿನ ಒಡೆತನವೊಂದೇ ನ್ಯಾಯವನ್ನು ತರಲಾರದು. ದೊಡ್ಡ ಕೋಟೆಯನ್ನು ಒಡೆದು ಸಣ್ಣ ಸಣ್ಣ ಕೇರಿಗಳನ್ನು ಕಟ್ಟಿ, ಲಿಂಗಾಯತರದು ಒಂದು, ಒಕ್ಕಲಿಗರದು ಒಂದು, ದಲಿತರದು ಊರ ಹೊರಗೆ ಎಂದಾದರೆ, ನಾವು ಯಂತ್ರವನ್ನು ಹೊಸದು ಮಾಡಿ ಪಾಪವನ್ನು ಹಳೆಯದೇ ಉಳಿಸಿಕೊಂಡ ಹಾಗಾಯಿತು.

ಹಾಗಾದರೆ ಬಾಗಿಲಿಗೆ ಯಾವ ನಿಯಮ? ಇಲ್ಲಿ ಮತ್ತೆ ಅನುಭವ ಮಂಟಪವೇ ನಮಗೆ ದಾರಿ. ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು, ಆ ಮಂಟಪದಲ್ಲಿ ಪ್ರಶ್ನೆಗಳಿದ್ದವು. ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪ್ರಶ್ನಿಸದೆ ಬಿಡಲಿಲ್ಲ. ಸೊನ್ನಲಿಗೆಯ ಸಿದ್ಧರಾಮನನ್ನಂತೂ ಅವನು ಕಟ್ಟಿಸಿದ ಕೆರೆಕಟ್ಟೆಗಳ ಮುಂದೆಯೇ ಕೆಣಕಿದರು. ಆದರೆ ಆ ಪ್ರಶ್ನೆ ಕುಲದ ಬಗ್ಗೆ ಅಲ್ಲ, ನಡೆಯ ಬಗ್ಗೆ, ಅರಿವಿನ ಬಗ್ಗೆ. ಉತ್ತರ ಕೊಡುವ ಅವಕಾಶ ಇತ್ತು; ಉತ್ತರ ಕೊಟ್ಟವರಿಗೆ ಗೌರವದ ಪೀಠವಿತ್ತು. ಬಹಿಷ್ಕಾರಕ್ಕೂ ಶಿಸ್ತಿಗೂ ಇರುವ ಅಂತರ ಇದೇ ಎಂದು ನಾನು ತಿಳಿದಿದ್ದೇನೆ. ಬಹಿಷ್ಕಾರವು ಮನುಷ್ಯನು ಯಾರೆಂದು ನೋಡಿ ಬಾಗಿಲು ಹಾಕುತ್ತದೆ, ಕಾರಣ ಹೇಳುವುದಿಲ್ಲ, ಮರಳುವ ದಾರಿಯನ್ನು ಬಿಡುವುದಿಲ್ಲ. ಶಿಸ್ತು ಅವನು ಮಾಡಿದ್ದೇನೆಂದು ನೋಡುತ್ತದೆ, ಕಾರಣವನ್ನು ಎಲ್ಲರೆದುರು ಹೇಳುತ್ತದೆ, ತಿದ್ದಿಕೊಂಡು ಬಂದವನಿಗೆ ಬಾಗಿಲು ತೆರೆಯುತ್ತದೆ.

ಮೂರನೆಯದು ಹೊಣೆಗಾರಿಕೆ. ಹೊಳೆನರಸೀಪುರದ ಪಕ್ಕದಲ್ಲಿ ಹರಿಯುವ ಹೇಮಾವತಿಗೆ ಗೊರೂರಿನಲ್ಲಿ ದೊಡ್ಡ ಅಣೆಕಟ್ಟು ಕಟ್ಟಿದ ಮೇಲೆ ಬೆಳೆಗೆ ಆಸರೆಯಾಯಿತು. ಅದನ್ನು ನೋಡಿಕೊಳ್ಳಲು ಸರ್ಕಾರವೂ ಇಂಜಿನಿಯರುಗಳೂ ಇದ್ದಾರೆ. ಆದರೆ ಚನ್ನರಾಯಪಟ್ಟಣದ ಕಡೆಯ ಹಳ್ಳಿಹಳ್ಳಿಯ ಕೆರೆಗಳನ್ನು ನೋಡಿಕೊಳ್ಳಬೇಕಾದವರು ಊರವರೇ. ಮೇಲಿನ ಕೆರೆಯ ಕೋಡಿ ಬಿದ್ದು ಕೆಳಗಿನ ಕೆರೆ ತುಂಬಬೇಕು. ನಡುವಿನ ಕಾಲುವೆಯಲ್ಲಿ ಹೂಳು ತುಂಬಿದರೆ ಎರಡು ಊರಿಗೂ ಕೇಡು. ಏರಿಯನ್ನು ಭದ್ರಪಡಿಸುವವರಿಲ್ಲದೆ, ನೀರುಗಂಟಿಯ ಮಾತನ್ನು ಕೇಳುವವರಿಲ್ಲದೆ ಎಷ್ಟು ಕೆರೆಗಳು ಜಾಲಿಯ ಬೀಡಾಗಿಲ್ಲ! ನಮ್ಮದೇ ಮನೆ ಬೇಕೆಂದು ಕೇಳುವುದು ಸುಲಭ, ಅದರ ಹೂಳನ್ನು ತಾವೇ ಎತ್ತಬೇಕಾದಾಗ ಕಷ್ಟ. ದೊಡ್ಡ ಕಂಪನಿ ನಮಗೆ ಎಲ್ಲವನ್ನೂ ಪುಕ್ಕಟೆ ಕೊಡುತ್ತಿದೆಯೆಂದು ನಾವು ಹಿಗ್ಗುತ್ತೇವೆ. ಪುಕ್ಕಟೆಯಲ್ಲ, ನಮ್ಮ ಗಮನವನ್ನೂ ನಮ್ಮ ಒಳಗುಟ್ಟನ್ನೂ ಜಾಹೀರಾತುದಾರರಿಗೆ ಮಾರಿ ಅದು ತನ್ನ ಖರ್ಚನ್ನು ಹುಟ್ಟಿಸಿಕೊಳ್ಳುತ್ತದೆ. ಸ್ವಂತ ಮನೆಗಾದರೆ ಕಾಯಕ ಬೇಕು, ದಾಸೋಹ ಬೇಕು. ಒಬ್ಬನು ಸರ್ವರನ್ನು ನೋಡಿಕೊಳ್ಳಬೇಕು, ಇನ್ನೊಬ್ಬನು ಖರ್ಚಿಗೆ ಕೊಡಬೇಕು, ಮತ್ತೊಬ್ಬನು ಸುಳ್ಳುಸುದ್ದಿಯನ್ನು ಕಂಡಾಗ ಮುಲಾಜಿಲ್ಲದೆ ಅದು ಸುಳ್ಳೆಂದು ಹೇಳಬೇಕು. ಬೆಲೆ ತೆರದೆ ಸ್ವಾತಂತ್ರ್ಯ ಎಂದೂ ದೊರೆತದ್ದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಮ್ಯಾಸ್ಟೊಡಾನನ್ನು ಹುಟ್ಟಿಸಿದ ರೋಚ್ಕೊ ಅವರು 2025ರಲ್ಲಿ ತಮ್ಮ ಹಿರಿತನವನ್ನು ತಾವಾಗಿ ಬಿಟ್ಟುಕೊಟ್ಟರು. ಅದರ ಹೆಸರು, ಆಸ್ತಿ ಒಬ್ಬರ ಕೈಯಲ್ಲಿರದೆ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದಕ್ಕೆ ಸೇರಬೇಕೆಂದು ನಿಶ್ಚಯಿಸಿದರು. ಕಟ್ಟಿದವನು ಕಟ್ಟಿದ್ದನ್ನು ಬಿಡುವುದು ಎಷ್ಟು ಕಷ್ಟವೆಂದು ಸಂಘಸಂಸ್ಥೆಗಳಲ್ಲಿ ದುಡಿದ ಪ್ರತಿಯೊಬ್ಬರಿಗೂ ಗೊತ್ತು. ಒಕ್ಕೂಟದ ತತ್ತ್ವ ಯಂತ್ರದಲ್ಲಿ ಎಷ್ಟಿದ್ದರೂ, ಅದನ್ನು ನಡೆಸುವವರ ಮನಸ್ಸಿನಲ್ಲಿ ಬಿಟ್ಟುಕೊಡುವ ಗುಣವಿಲ್ಲದಿದ್ದರೆ ಆ ತತ್ತ್ವ ಕಾಗದದ ಮೇಲೆಯೇ ಉಳಿಯುತ್ತದೆ.

ಭಕ್ತಬಂಧುಗಳೇ, ಈಗ ನಮ್ಮ ಮನೆಯ ಮಾತಿಗೆ ಬರೋಣ. ಎಲ್ಲರೂ ನಾಳೆಯೇ ಇದ್ದ ಜಾಗವನ್ನು ಬಿಟ್ಟು ಹೊಸ ಜಾಲಕ್ಕೆ ಹೋಗಿರೆಂದು ನಾನು ಹೇಳುವುದಿಲ್ಲ. ಊರಿಗೆ ಊರೇ ಇರುವ ಕಡೆ ನಾವೂ ಇರಬೇಕಾಗುತ್ತದೆ. ಆದರೆ ಇರುವಲ್ಲಿಯೇ ಎಚ್ಚರದಿಂದಿರಬಹುದು. ತಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿನ ಬೀಗದ ಕೈ ಒಬ್ಬನ ಬಳಿಯೇ ಇದೆಯೇ, ಮೂವರ ಬಳಿ ಇದೆಯೇ ನೋಡಿಕೊಳ್ಳಿ. ಆ ಒಬ್ಬನ ಮೊಬೈಲು ಕಳೆದರೆ, ಅಥವಾ ಅವನು ಒಂದು ಚುನಾವಣೆಯ ವಿಷಯಕ್ಕೆ ಮುನಿಸಿಕೊಂಡರೆ, ನಲವತ್ತು ವರ್ಷದ ಸ್ನೇಹ ಒಂದು ಗುಂಡಿಯ ಒತ್ತಿಗೆ ಅಳಿಯಬಾರದು. ಗುಂಪಿನಲ್ಲಿ ಬಂದ ಗುರುಗಳ ಭಾವಚಿತ್ರ, ಹಳೆಯ ಪ್ರವಚನ, ಅಗಲಿದವರ ನೆನಪಿನ ಬರಹ ಇವುಗಳ ಪ್ರತಿಯನ್ನು ಬೇರೆ ಬೇರೆಯವರು ಬೇರೆ ಬೇರೆ ಕಡೆ ಕಾಪಾಡಿಕೊಳ್ಳಿ. ಓಲೆಗರಿಯ ಕಾಲದಲ್ಲಿ ನಮ್ಮ ಹಿರಿಯರು ಮಾಡಿದ್ದು ಅದನ್ನೇ. ಯಾರನ್ನಾದರೂ ಹೊರಗಿಡಬೇಕಾದರೆ ಹಿರಿಯರು ನಾಲ್ವರು ಕೂತು ಕಾರಣವನ್ನು ಹೇಳಿ ಇಡಿ. ಕ್ಷಮೆ ಕೇಳಿ ಬಂದವರನ್ನು ಸೇರಿಸಿಕೊಳ್ಳಿ. ತಂತ್ರಜ್ಞಾನ ಬಲ್ಲ ತರುಣರು ನಮ್ಮ ನಾಲ್ಕು ತಾಲ್ಲೂಕಿನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಸ್ವಂತ ಸರ್ವರನ್ನು ನಡೆಸುವ ಉತ್ಸಾಹ ತೋರಿದರೆ ಹಿರಿಯರು ಅದನ್ನು ಹುಡುಗಾಟವೆಂದು ತಳ್ಳದೆ ಖರ್ಚಿಗೆ ಕೈಜೋಡಿಸಲಿ. ಆದರೆ ಅದರ ಬಾಗಿಲು ಪ್ರಸಾದನಿಲಯದ ಬಾಗಿಲಿನ ಹಾಗಿರಲಿ. ಅಲ್ಲಿ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹುಡುಗನ ಜಾತಿಯನ್ನು ನಾವು ಕೇಳಿರಲಿಲ್ಲ. ಗಂಟೆ ಬಾರಿಸಿದಾಗ ತಟ್ಟೆ ಹಿಡಿದು ಬಂದವರೆಲ್ಲರೂ ಉಂಡರು.

ಒಡೆಯರು ಯಾರೆಂಬ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಇಷ್ಟೇ. ಯಾರು ಗುಡಿಸುತ್ತಾರೋ, ಯಾರು ದೀಪ ಹಚ್ಚುತ್ತಾರೋ, ಯಾರು ಬಂದವರಿಗೆ ಮಣೆ ಹಾಕುತ್ತಾರೋ ಆ ಮನೆ ಅವರದು. ಹೊತ್ತು ಬಂದಾಗ ಬೀಗದ ಕೈಯನ್ನು ಮುಂದಿನವರಿಗೆ ನಗುನಗುತ್ತ ಕೊಡಬಲ್ಲವನಿಗೆ ಮಾತ್ರ ಅಲ್ಲಿ ಒಡೆತನ ಸಲ್ಲುತ್ತದೆ. ಅಂಥ ಮನೆಗಳು ಊರೂರಿಗೆ ಹೆಚ್ಚಲಿ, ಹೆಚ್ಚಿದಷ್ಟೂ ಒಂದಕ್ಕೊಂದು ಕೂಡಿರಲಿ.